ವೈಫೈ ಹಾಲ್‌ನಲ್ಲಿ ಫುಲ್, ರೂಮಿನಲ್ಲಿ ನಿಲ್: ಫಾಯಿಲ್ ಇಟ್ಟರೆ ಸರಿಹೋಗುತ್ತದೆಯೇ?

ರೂಟರ್ ಹಿಂದೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ವೈಫೈ ವೇಗ ಎರಡು ಪಟ್ಟಾಗುತ್ತದೆ ಎನ್ನುವ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ತಂಪು ಪಾನೀಯದ ಖಾಲಿ ಡಬ್ಬಿ ಕತ್ತರಿಸಿ ಆಂಟೆನಾಗೆ ಸಿಕ್ಕಿಸುವುದು ಅದರದೇ ಇನ್ನೊಂದು ರೂಪ. ಅದೇ ಗ್ರೂಪಿಗೆ ಬರುವ ಮತ್ತೊಂದು ಸಂದೇಶ ಇದಕ್ಕೆ ಪೂರ್ತಿ ವಿರುದ್ಧ: ರೂಟರ್‌ನಿಂದ ರೇಡಿಯೇಷನ್ ಬರುತ್ತದೆ, ಮಕ್ಕಳು ಮಲಗುವ ಕಡೆ ಇಡಬೇಡಿ, ಆದರೆ ಬೀರುವಿನೊಳಗೇ ಇಟ್ಟುಬಿಡಿ. ಎರಡನ್ನೂ ನಂಬಿದವರ ಮನೆಯಲ್ಲಿ ರೂಟರ್ ಬೀರುವಿನೊಳಗೆ ಫಾಯಿಲ್ ಹೊದ್ದುಕೊಂಡು ಕೂತಿರಬೇಕಾಗುತ್ತದೆ!

ಕೇಳಲು ತಮಾಷೆ ಅನಿಸಿದರೂ ಆಗುವ ನಷ್ಟ ತಮಾಷೆಯದ್ದಲ್ಲ. ಒಳಗಿನ ರೂಮಿನಲ್ಲಿ ಕೂತು ಆನ್‌ಲೈನ್ ಪರೀಕ್ಷೆ ಬರೆಯುವ ಮಗಳಿಗೆ ಅರ್ಧದಲ್ಲೇ ಸಂಪರ್ಕ ತಪ್ಪುತ್ತದೆ. ಮಂಚ ಬಿಟ್ಟು ಏಳಲಾಗದ ಅಜ್ಜಿಗೆ ಡಾಕ್ಟರ ವಿಡಿಯೋ ಕರೆ ಸರಿಯಾಗಿ ಸಿಗುವುದಿಲ್ಲ. ಆಗ ಮನೆಯವರು ಮಾಡುವ ಮೊದಲ ಕೆಲಸ ಕಂಪನಿಗೆ ಫೋನ್ ಹಚ್ಚಿ ದೊಡ್ಡ ಪ್ಲಾನ್ ತೆಗೆದುಕೊಳ್ಳುವುದು. ತಿಂಗಳ ಬಿಲ್ ಏರುತ್ತದೆ, ಆ ರೂಮಿನ ಕತೆ ಮಾತ್ರ ಹಾಗೇ ಇರುತ್ತದೆ. ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ತೊಂದರೆ ಇರುವುದು ಮನೆಗೆ ಬರುವ ಇಂಟರ್ನೆಟ್‌ನಲ್ಲಲ್ಲ, ಮನೆಯೊಳಗಿನ ಗೋಡೆಗಳಲ್ಲಿ ಮತ್ತು ರೂಟರ್ ಇಟ್ಟ ಜಾಗದಲ್ಲಿ.

ಮೊದಲು ಒಂದು ಸಣ್ಣ ಪರೀಕ್ಷೆ

ಇಂಟರ್ನೆಟ್ ಮತ್ತು ವೈಫೈ ಎರಡೂ ಒಂದೇ ಅಲ್ಲ. ಬೀದಿಯಿಂದ ನಿಮ್ಮ ಮನೆಯ ಸಂಪಿಗೆ ಬರುವ ನೀರನ್ನು ಇಂಟರ್ನೆಟ್ ಅಂದುಕೊಳ್ಳಿ, ಅಲ್ಲಿಂದ ಬಚ್ಚಲಿನ ನಲ್ಲಿಗೆ ಹೋಗುವ ಪೈಪು ವೈಫೈ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಸಂಪು ಖಾಲಿಯೋ, ಪೈಪು ಕಟ್ಟಿಕೊಂಡಿದೆಯೋ ನೋಡಬೇಕಲ್ಲವೇ?

ಅದನ್ನು ತಿಳಿಯಲು ಎರಡು ನಿಮಿಷ ಸಾಕು. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ರೂಟರ್‌ನಿಂದ ಎರಡು ಮೂರು ಹೆಜ್ಜೆ ದೂರದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ. ನಂತರ ಅದೇ ಫೋನಿನಲ್ಲಿ, ಅದೇ ಆ್ಯಪ್‌ನಲ್ಲಿ, ತೊಂದರೆ ಇರುವ ರೂಮಿಗೆ ಹೋಗಿ ಮತ್ತೆ ಮಾಡಿ. ರೂಟರ್ ಪಕ್ಕದಲ್ಲೇ ನಿಧಾನ ಇದ್ದರೆ ತಪ್ಪು ಲೈನಿನದೋ ರೂಟರ್‌ನದೋ ಇರಬೇಕು. ಆಗ ಕಂಪನಿಯವರನ್ನು ಕರೆಯುವುದು ಸರಿ. ಪಕ್ಕದಲ್ಲಿ 95 ಎಂಬಿಪಿಎಸ್, ರೂಮಿನಲ್ಲಿ 4 ಎಂದು ಬಂದರೆ ಲೈನ್ ಚೆನ್ನಾಗಿಯೇ ಇದೆ. ಅಂಥ ಮನೆಯಲ್ಲಿ 100ರ ಪ್ಲಾನ್ ಅನ್ನು 300 ಮಾಡಿಸಿದರೂ ರೂಮಿನಲ್ಲಿ ಅದೇ 4 ಸಿಗುತ್ತದೆ.

ಅಂದಹಾಗೆ, ಒಂದು ವಿಡಿಯೋ ಕರೆಗೆ 2ರಿಂದ 4 ಎಂಬಿಪಿಎಸ್, ಟಿವಿಯಲ್ಲಿ ಎಚ್‌ಡಿ ಸಿನಿಮಾ ನೋಡಲು 5ರ ಆಸುಪಾಸು ಸಾಕಾಗುತ್ತದೆ. ನಾಲ್ಕೈದು ಜನರ ಮನೆಗೆ 50 ಎಂಬಿಪಿಎಸ್ ಎಲ್ಲ ರೂಮಿಗೂ ಸರಿಯಾಗಿ ತಲುಪಿದರೆ ಜೀವನ ಆರಾಮ.

ಗೋಡೆ ತಿನ್ನುವ ಸಿಗ್ನಲ್

ವೈಫೈ ಎಂದರೆ ರೇಡಿಯೋ ಅಲೆ. ಮನೆಯ ರೂಟರ್‌ಗಳು ಸಾಮಾನ್ಯವಾಗಿ ಎರಡು ಬ್ಯಾಂಡ್ ಬಳಸುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದು 6ರಷ್ಟು. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4ರಲ್ಲಿ ಇದರ ತಿರುವುಮುರುವು. ಜೊತೆಗೆ, ಬಯಲಿನಲ್ಲೇ ಆದರೂ ದೂರ ಎರಡು ಪಟ್ಟಾದರೆ ಸಿಗ್ನಲ್‌ನ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಯ ಲೆಕ್ಕ ಇದರ ಮೇಲೆ.

ಎಲ್ಲ ಗೋಡೆಯೂ ಒಂದೇ ಅಲ್ಲ. ಸಿಗ್ನಲ್ ನಷ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ. ಮರದ ಬಾಗಿಲು ತಿನ್ನುವುದು 3–4 ಡೆಸಿಬೆಲ್ ಇರಬಹುದು. ಕಾಂಕ್ರೀಟ್ ಗೋಡೆ ಅಥವಾ ಛಾವಣಿ ಅದರ ದಪ್ಪ ಮತ್ತು ಒಳಗಿನ ಕಬ್ಬಿಣವನ್ನು ನೋಡಿಕೊಂಡು 10ರಿಂದ 20, ಕೆಲವೊಮ್ಮೆ ಇನ್ನೂ ಹೆಚ್ಚು ತಿನ್ನುತ್ತದೆ. ವಿದೇಶದ ಯೂಟ್ಯೂಬ್ ವಿಡಿಯೋಗಳಲ್ಲಿ ಒಂದೇ ರೂಟರ್ ಎರಡು ಮಹಡಿಗೆ ಸಾಕಾಗುವುದನ್ನು ನೋಡಿ ನಮ್ಮಲ್ಲೂ ಅಷ್ಟೇ ಎಂದುಕೊಳ್ಳುತ್ತೇವೆ. ಅಮೆರಿಕದ ಹೆಚ್ಚಿನ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದದ್ದು, ನಡುವೆ ಟೊಳ್ಳು. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕು, ಆರ್‌ಸಿಸಿ. ಬೆಂಗಳೂರಿನ ಹಳೇ ಬಡಾವಣೆಗಳ ಸೈಜುಗಲ್ಲಿನ ಮನೆ, ಕರಾವಳಿಯ ಮುರಕಲ್ಲಿನ ಮನೆ, ಮಲೆನಾಡಿನ ದಪ್ಪ ಮಣ್ಣುಗೋಡೆಯ ಮನೆ ಇವೆಲ್ಲ ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಕೋಟೆ. ಗೋಡೆ ತೇವ ಹಿಡಿದಿದ್ದರೆ ನಷ್ಟ ಇನ್ನೂ ಹೆಚ್ಚು, ನೀರು ಈ ಅಲೆಗಳನ್ನು ಹೀರುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಸಿಗ್ನಲ್ ಗೋಡೆಯನ್ನು ನೇರವಾಗಿ ದಾಟಿದರೆ 9 ಇಂಚು. ಬಹಳ ಓರೆಯಾಗಿ ದಾಟಿದರೆ ಅದೇ ಗೋಡೆಯೊಳಗೆ 18 ಇಂಚು ಸಾಗಬೇಕಾಗಬಹುದು. ಮನೆಯ ಒಂದು ಮೂಲೆಯಲ್ಲಿ ರೂಟರ್ ಇಟ್ಟಾಗ ಎದುರು ಮೂಲೆಯ ರೂಮಿಗೆ ಹೀಗೇ ಆಗುತ್ತದೆ. ರೂಟರ್ ಮೂರು ಅಡಿ ಸರಿಸಿದ್ದಕ್ಕೆ ಸಿಗ್ನಲ್ ಸುಧಾರಿಸಿತು ಎಂದು ಯಾರಾದರೂ ಹೇಳಿದರೆ ನಂಬಬಹುದು. ನಡುವೆ ಗೋಡೆಯ ಬದಲು ಬಾಗಿಲು ಸಿಕ್ಕಿರುತ್ತದೆ.

ಗೋಡೆಗಿಂತ ಕೆಟ್ಟದ್ದು ಲೋಹ. ಕಬ್ಬಿಣದ ಬೀರು, ಫ್ರಿಜ್, ಟಿವಿಯ ಹಿಂಭಾಗ, ಆಳೆತ್ತರದ ಕನ್ನಡಿ (ಅದರ ಹಿಂದೆ ಲೋಹದ ತೆಳು ಲೇಪ ಇರುತ್ತದೆ) ಇವೆಲ್ಲ ಸಿಗ್ನಲ್ ಅನ್ನು ಹಿಂದಕ್ಕೆ ಎಸೆಯುತ್ತವೆ. ಈಗ 30×40 ಸೈಟಿನ ಮನೆಯೊಂದನ್ನು ನೆನಪಿಸಿಕೊಳ್ಳಿ. ಕನೆಕ್ಷನ್ ಕೊಡಲು ಬಂದವರು ಕೇಬಲ್ ಉಳಿಸಲು ಮುಂಬಾಗಿಲ ಪಕ್ಕದಲ್ಲೇ ರೂಟರ್ ಹಾಕಿ ಹೋಗಿರುತ್ತಾರೆ. ಚೆಂದ ಕಾಣುವುದಿಲ್ಲವೆಂದು ನಾವು ಅದನ್ನು ಟಿವಿ ಯೂನಿಟ್ ಒಳಗೆ ತಳ್ಳುತ್ತೇವೆ. ಅರ್ಧ ಸಿಗ್ನಲ್ ಬೀದಿಯ ಪಾಲು, ಉಳಿದದ್ದರಲ್ಲಿ ಒಂದಷ್ಟು ಟಿವಿಯ ಪಾಲು. ಹಿಂದಿನ ರೂಮು, ಮೇಲಿನ ಮಹಡಿಗೆ ಸಿಗುವುದು ಅಳಿದುಳಿದದ್ದು.

ಫೋನಿನಲ್ಲಿ ಕಡ್ಡಿ ಪೂರ್ತಿ ಇದ್ದರೂ ನಿಧಾನ ಯಾಕೆ?

ಕಡ್ಡಿಗಳು ತೋರಿಸುವುದು ರೂಟರ್‌ನ ಮಾತು ಫೋನಿಗೆ ಎಷ್ಟು ಕೇಳಿಸುತ್ತಿದೆ ಎನ್ನುವುದನ್ನು ಮಾತ್ರ. ಫೋನ್ ಹೇಳಿದ್ದು ರೂಟರ್‌ಗೂ ಕೇಳಿಸಬೇಕು, ಫೋನಿನ ಆಂಟೆನಾ ಚಿಕ್ಕದು, ಶಕ್ತಿಯೂ ಕಡಿಮೆ. ಎಂಟು ಆಂಟೆನಾದ ದುಬಾರಿ ರೂಟರ್ ತಂದವರಿಗೆ ನಿರಾಸೆಯಾಗುವುದು ಇಲ್ಲೇ: ಮೈಕ್ ಹಿಡಿದು ಕೂಗುವವರ ಧ್ವನಿ ಊರಾಚೆಗೂ ಕೇಳಿಸಬಹುದು, ಅಲ್ಲಿಂದ ಮೆಲ್ಲಗೆ ಕೊಟ್ಟ ಉತ್ತರ ಅವರಿಗೆ ಕೇಳಿಸಬೇಕಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಎಂಬ ಬಗೆಯ ಉಚಿತ ಆ್ಯಪ್‌ಗಳು ಸಿಗ್ನಲ್ ಅನ್ನು ಅಂಕಿಯಲ್ಲೇ ತೋರಿಸುತ್ತವೆ. ಅದು ಮೈನಸ್ ಅಂಕಿ. ಮೈನಸ್ 50ರ ಹತ್ತಿರ ಇದ್ದರೆ ಭೇಷ್. ಮೈನಸ್ 67ರವರೆಗೆ ವಿಡಿಯೋ ಕರೆಗೆ ತೊಂದರೆ ಇಲ್ಲ. ಮೈನಸ್ 80 ಎಂದರೆ ಹೆಸರಿಗೆ ಮಾತ್ರ ಕನೆಕ್ಷನ್. 50ಕ್ಕೂ 80ಕ್ಕೂ ನಡುವೆ ಇರುವುದು ಸಾವಿರ ಪಟ್ಟಿನ ವ್ಯತ್ಯಾಸ. ಆ್ಯಪ್ ಹಿಡಿದು ಮನೆಯಲ್ಲೆಲ್ಲ ಒಂದು ಸುತ್ತು ಹಾಕಿ, ಪ್ರತಿ ರೂಮಿನ ಅಂಕಿ ಕಾಗದದ ಮೇಲೆ ಬರೆದುಕೊಂಡರೆ ನಿಮ್ಮ ಮನೆಯ ನಕ್ಷೆಯೇ ಸಿದ್ಧ. ಆದರೆ 'ವೈಫೈ ಬೂಸ್ಟರ್' ಎಂಬ ಹೆಸರಿನ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಸಿಗ್ನಲ್ ಹೆಚ್ಚಿಸುವುದು ಆ್ಯಪ್‌ನಿಂದ ಆಗುವ ಕೆಲಸವಲ್ಲ. ಅಂಥವು ಹೆಚ್ಚಾಗಿ ಮಾಡುವುದು ಜಾಹೀರಾತು ತೋರಿಸುವ ಮತ್ತು ನಿಮ್ಮಿಂದ ಬೇಡದ ಅನುಮತಿಗಳನ್ನು ಪಡೆಯುವ ಕೆಲಸ. ಫೋನಿನ ಹಿಂದೆ ಅಂಟಿಸುವ ಸಿಗ್ನಲ್ ಸ್ಟಿಕ್ಕರ್‌ಗೂ ಇದೇ ಮಾತು.

ಒಳರೂಮಿನ ದುರ್ಬಲ ಸಿಗ್ನಲ್ ಅಲ್ಲಿರುವವರಿಗೆ ಮಾತ್ರ ತೊಂದರೆ ಕೊಡುವುದಿಲ್ಲ. ವೈಫೈನಲ್ಲಿ ಒಂದು ಚಾನೆಲ್ ಮೇಲೆ ಒಮ್ಮೆಗೆ ಸಾಮಾನ್ಯವಾಗಿ ಒಬ್ಬರೇ ಮಾತಾಡಬೇಕು. ದೂರದ ಟಿವಿ ನಿಧಾನ ವೇಗದಲ್ಲಿ ಡೇಟಾ ಎಳೆಯುತ್ತಿದ್ದರೆ ಅಷ್ಟು ಹೊತ್ತು ಉಳಿದವರು ಕಾಯಬೇಕು. ಹೀಗಾಗಿ ಒಂದು ರೂಮಿನ ತೊಂದರೆ ಸರಿ ಮಾಡಿದಾಗ ಹಾಲ್‌ನಲ್ಲಿ ಕೂತವರ ವೇಗವೂ ಹೆಚ್ಚಬಹುದು.

ಹಾಗಾದರೆ ಫಾಯಿಲ್ ಸುಳ್ಳೇ?

ಪೂರ್ತಿ ಸುಳ್ಳಲ್ಲ, ಅದಕ್ಕೇ ಈ ಸಂದೇಶ ಸಾಯುವುದಿಲ್ಲ. ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಸಂಶೋಧಕರು 2017ರಲ್ಲಿ ಇದನ್ನೇ ಪರೀಕ್ಷಿಸಿದರು. ರೂಮಿನ ವಿನ್ಯಾಸಕ್ಕೆ ತಕ್ಕಂತೆ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ತ್ರೀಡಿ ಪ್ರಿಂಟರ್‌ನಲ್ಲಿ ಒಂದು ಬಾಗಿದ ಆಕಾರ ತಯಾರಿಸಿ, ಅದಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ರೂಟರ್ ಬಳಿ ಇಟ್ಟರು. ಬೇಕಾದ ಕಡೆ ಸಿಗ್ನಲ್ ಹೆಚ್ಚಾಯಿತು, ಬೇಡದ ಕಡೆ ಕಡಿಮೆಯಾಯಿತು.

ಆ ಕೊನೆಯ ಮಾತು ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ. ಫಾಯಿಲ್ ಹೊಸದಾಗಿ ಸಿಗ್ನಲ್ ಹುಟ್ಟಿಸುವುದಿಲ್ಲ; ಟಾರ್ಚಿನ ಬಲ್ಬಿನ ಹಿಂದಿರುವ ಹೊಳೆಯುವ ಬಟ್ಟಲಿನಂತೆ, ಇರುವುದನ್ನು ಒಂದು ಕಡೆಗೆ ತಿರುಗಿಸುತ್ತದೆ. ರೂಟರ್ ಹೊರಗೋಡೆಗೆ ಅಂಟಿಕೊಂಡಿದ್ದು ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತಿದ್ದರೆ ಹಿಂದೆ ಇಟ್ಟ ಫಾಯಿಲ್‌ನಿಂದ ಸ್ವಲ್ಪ ಲಾಭ ಆಗಬಹುದು. ರೂಟರ್ ಮನೆಯ ನಡುವೆ ಇದ್ದರೆ ಅಣ್ಣನ ರೂಮಿನಿಂದ ಕಿತ್ತು ತಂಗಿಯ ರೂಮಿಗೆ ಕೊಟ್ಟ ಹಾಗೆ. ಅಂದಾಜಿನ ಮೇಲೆ ಬಗ್ಗಿಸಿದ ಫಾಯಿಲ್ ಎರಡೂ ರೂಮಿನದನ್ನು ಕಿತ್ತುಕೊಳ್ಳುವುದೂ ಉಂಟು. ಪ್ರಯತ್ನಿಸಲೇಬೇಕು ಅನಿಸಿದರೆ ಮೇಲೆ ಹೇಳಿದ ಆ್ಯಪ್‌ನಲ್ಲಿ ಮೊದಲು ಮತ್ತು ಆಮೇಲೆ ಅಳೆದು ನೋಡಿ. ರೂಟರ್ ಬಿಸಿಯಾಗುವ ಸಾಧನ, ಅದರ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.

'ನಮ್ಮನೆ ವೈಫೈ 5ಜಿ'

ಫೋನಿನ ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರಿನ ಮುಂದೆ 5ಜಿ ಎಂದಿದ್ದರೆ ಅದು 5 ಗಿಗಾಹರ್ಟ್ಸ್ ಬ್ಯಾಂಡ್. ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ, ಅದು ಐದನೇ ತಲೆಮಾರು ಎಂಬ ಅರ್ಥದ್ದು. ಭಾರತಕ್ಕೆ ಮೊಬೈಲ್ 5ಜಿ ಬಂದದ್ದು 2022ರ ಅಕ್ಟೋಬರಿನಲ್ಲಿ. 5 ಗಿಗಾಹರ್ಟ್ಸ್ ವೈಫೈಗೆ ತಾಂತ್ರಿಕ ಮಾನದಂಡ ಸಿದ್ಧವಾದದ್ದು 1999ರಲ್ಲೇ. 5ಜಿ ಎಂಬ ಹೆಸರು ನೋಡಿ ಎಲ್ಲರೂ ಅದಕ್ಕೇ ಸೇರಿಕೊಂಡರೆ ದೂರದ ರೂಮಿನವರಿಗೆ ನಷ್ಟ. ಅವರು 2.4ಕ್ಕೆ ಬದಲಿಸಿಕೊಂಡು ನೋಡಬೇಕು. ಎರಡಕ್ಕೂ ಒಂದೇ ಹೆಸರಿದ್ದರೆ ಫೋನೇ ಆರಿಸಿಕೊಳ್ಳುತ್ತದೆ, ಹೆಚ್ಚಿನಂಶ ಸರಿಯಾಗಿಯೇ.

ನಿಮ್ಮ ರೂಟರ್‌ನಲ್ಲಿ 2.4 ಮಾತ್ರ ಇದ್ದರೆ, ಅದೂ ಹಳೆಯದಾಗಿದ್ದರೆ, ಅದನ್ನು ಬದಲಿಸುವುದು ಪ್ಲಾನ್ ಬದಲಿಸುವುದಕ್ಕಿಂತ ಮುಖ್ಯ. ಅಪಾರ್ಟ್‌ಮೆಂಟ್‌ನಲ್ಲಿ 2.4 ಎಂದರೆ ಸಂತೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮೂರೇ. ಅಕ್ಕಪಕ್ಕದ ಮನೆಗಳ ರೂಟರ್ ಸಾಲದೆಂಬಂತೆ ಮೈಕ್ರೋವೇವ್ ಒಲೆಯೂ ಸರಿಸುಮಾರು ಇದೇ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ.

ರೇಡಿಯೇಷನ್ ಭಯಕ್ಕೆ ಬೀರುವಿನೊಳಗೆ ಇಡುವುದು

ಈ ಭಯವನ್ನು ಹಗುರವಾಗಿ ತಳ್ಳಿಹಾಕಲು ನಾವು ಬಯಸುವುದಿಲ್ಲ. ಮನೆಯಲ್ಲಿ ಬಾಣಂತಿ, ಹಸುಗೂಸು ಇದ್ದಾಗ ಯಾರಿಗಾದರೂ ಅಳುಕು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು '2ಬಿ' ಗುಂಪಿಗೆ ಸೇರಿಸಿದ್ದೂ ನಿಜ. ಫಾರ್ವರ್ಡ್‌ಗಳು ಇದನ್ನು 'ಕ್ಯಾನ್ಸರ್ ಬರುತ್ತದೆ ಎಂದು ಸಾಬೀತಾಗಿದೆ' ಎಂದು ಓದುತ್ತವೆ. ಆ ಗುಂಪಿನ ಅರ್ಥ ಬೇರೆ: ಪುರಾವೆ ಸೀಮಿತವಾಗಿದೆ, ಖಚಿತವಾಗಿ ಹೇಳಲಾಗದು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿ ಮತ್ತು ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿವೆ. ಎಕ್ಸ್‌ರೇಯಂತೆ ಜೀವಕೋಶದ ಡಿಎನ್‌ಎ ಮುರಿಯುವಷ್ಟು ಶಕ್ತಿ ವೈಫೈ ಅಲೆಗಳಿಗೆ ಇಲ್ಲ. ಮನೆಯ ರೂಟರ್ ಸೂಸುವ ಒಟ್ಟು ರೇಡಿಯೋ ಶಕ್ತಿ ಒಂದು ವ್ಯಾಟ್‌ಗೂ ಕಡಿಮೆ, ಎಷ್ಟೋ ಸಲ ಅದರ ಹತ್ತನೇ ಒಂದು ಭಾಗದ ಆಸುಪಾಸು. ದೇವರ ಮನೆಯಲ್ಲಿ ಉರಿಯುತ್ತಿದ್ದ ಹಳೇ ಝೀರೋ ಬಲ್ಬು ಕೂಡ 10–15 ವ್ಯಾಟ್ ಎಳೆಯುತ್ತಿತ್ತು. ಬ್ರಿಟನ್ನಿನ ಆರೋಗ್ಯ ರಕ್ಷಣಾ ಸಂಸ್ಥೆ 2007ರಲ್ಲಿ ಒಂದು ಹೋಲಿಕೆ ಕೊಟ್ಟಿತ್ತು: ವೈಫೈ ಇರುವ ಜಾಗದಲ್ಲಿ ವರ್ಷವಿಡೀ ಕೂತರೆ ತಗಲುವ ರೇಡಿಯೋ ಅಲೆಗಳು, 20 ನಿಮಿಷ ಮೊಬೈಲ್‌ನಲ್ಲಿ ಮಾತಾಡಿದಾಗ ತಗಲುವಷ್ಟು.

ಬೀರುವಿನೊಳಗೆ ಇಟ್ಟಾಗ ಆಗುವುದೇನು? ವೈಫೈ ಸಿಗದ ಮನೆಮಂದಿ ಮೊಬೈಲ್ ಡೇಟಾಕ್ಕೆ ಹೋಗುತ್ತಾರೆ. ದಪ್ಪ ಗೋಡೆಯ ರೂಮಿನಲ್ಲಿ ಟವರ್ ಸಿಗ್ನಲ್ ದುರ್ಬಲ, ಹಾಗಾಗಿ ಫೋನ್ ಹೆಚ್ಚು ಶಕ್ತಿ ಹಾಕಿ ಟವರ್ ಜೊತೆ ಮಾತಾಡುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಮಿತಿಯೊಳಗೇ ಇದ್ದರೂ ಅದು ನಿಮ್ಮ ಕೈಯಲ್ಲಿ, ಕಿವಿಯ ಬಳಿ ಇರುವ ಸಾಧನ. ರೂಟರ್ ಇದ್ದದ್ದು ಹತ್ತಡಿ ದೂರದಲ್ಲಿ. ಕೆಲವು ಕಡೆ ರೂಟರ್‌ಗೆ ತೊಡಿಸುವ 'ರೇಡಿಯೇಷನ್ ತಡೆ' ಜಾಲರಿಯನ್ನೂ ಮಾರುತ್ತಾರೆ. ಅದನ್ನು ತೊಡಿಸಿದ ಮೇಲೂ ವೈಫೈ ಚೆನ್ನಾಗಿ ಬರುತ್ತಿದ್ದರೆ ಅದು ಏನನ್ನೂ ತಡೆದಿಲ್ಲ.

ದುಡ್ಡು ಹಾಕದೆ, ಆಮೇಲೆ ಹಾಕಿ

ಮೊದಲು ರೂಟರ್ ಅನ್ನು ಬಯಲಿಗೆ ತನ್ನಿ. ಮನೆಯ ಆದಷ್ಟು ನಡುಭಾಗ, ನಾಲ್ಕೈದು ಅಡಿಗಿಂತ ಎತ್ತರ, ಸುತ್ತ ಲೋಹ, ಕನ್ನಡಿ, ಮೀನಿನ ತೊಟ್ಟಿ ಇಲ್ಲದ ಜಾಗ. ಹಾಲ್‌ನಿಂದ ರೂಮುಗಳಿಗೆ ಹೋಗುವ ಓಣಿಯ ಗೋಡೆ ಹೆಚ್ಚಿನ ಮನೆಗಳಲ್ಲಿ ಸರಿಯಾಗುತ್ತದೆ. ಆಂಟೆನಾದಿಂದ ಸಿಗ್ನಲ್ ಹರಡುವ ಆಕಾರ ಉದ್ದಿನವಡೆಯಂತೆ. ಆಂಟೆನಾ ನೆಟ್ಟಗಿದ್ದರೆ ಸುತ್ತಲೂ ಹರಡುತ್ತದೆ, ತುದಿಯ ನೇರಕ್ಕೆ ಕಡಿಮೆ. ಮೇಲಿನ ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ. ಫೈಬರ್ ತಂತಿಯನ್ನು ನೀವೇ ಎಳೆದು ಮಡಚಬೇಡಿ, ಒಳಗಿರುವುದು ಕೂದಲಿನಷ್ಟು ತೆಳ್ಳನೆಯ ಗಾಜು. ಉದ್ದದ ಫೈಬರ್ ಹಾಕಿಕೊಡಲು ಕಂಪನಿಯವರಿಗೇ ಹೇಳಿ. ಹೊಸ ಕನೆಕ್ಷನ್ ಆಗಿದ್ದರೆ ಅವರು ಡ್ರಿಲ್ ತೆಗೆಯುವ ಮೊದಲೇ ಹೇಳಿ.

ಇಷ್ಟಕ್ಕೂ ಬಗ್ಗದಿದ್ದರೆ ಎಕ್ಸ್‌ಟೆಂಡರ್ ನೆನಪಾಗುತ್ತದೆ, ಅಗ್ಗ ಕೂಡ. ಜನ ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಸಿಕ್ಕಿಸುತ್ತಾರೆ, ಅಲ್ಲೇ ಎಡವಟ್ಟು. ಅದಕ್ಕೆ ಸಿಗದ್ದನ್ನು ಅದು ಹಂಚುವುದು ಹೇಗೆ? ರೂಟರ್ ಮತ್ತು ಆ ರೂಮಿನ ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಕಡೆ ಹಾಕಬೇಕು. ಒಂದೇ ಬ್ಯಾಂಡಿನ ಅಗ್ಗದ ಎಕ್ಸ್‌ಟೆಂಡರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ಮೂರು ಡಬ್ಬಿಗಳ ಮೆಶ್ ವ್ಯವಸ್ಥೆ ಇದಕ್ಕಿಂತ ಚೆನ್ನ. ಆದರೆ ಅವೂ ಗಾಳಿಯಲ್ಲೇ ಮಾತಾಡಿಕೊಂಡರೆ ನಡುವಿನ ಕಾಂಕ್ರೀಟ್ ಅವಕ್ಕೂ ಅಡ್ಡಿಯೇ.

ನಮ್ಮ ಅಭಿಪ್ರಾಯ ಕೇಳಿದರೆ, ದಪ್ಪ ಗೋಡೆಯ ಮನೆಗೆ ತಂತಿಯನ್ನು ಮೀರಿಸಿದ್ದಿಲ್ಲ. ರೂಟರ್‌ನಿಂದ ದೂರದ ರೂಮಿಗೋ ಮಹಡಿಗೋ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಅಲ್ಲಿ ಎರಡನೇ ರೂಟರ್ ಇಡುವುದು. ಅಟ್ಟದ ಮೇಲೆ ಬಿದ್ದಿರುವ ಹಳೇ ರೂಟರೇ ಸಾಕಾಗಬಹುದು. ಅದರ ಸೆಟ್ಟಿಂಗ್‌ನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಆರಿಸಿ, ಅದೇ ಹೆಸರು, ಅದೇ ಪಾಸ್‌ವರ್ಡ್, ಬೇರೆ ಚಾನೆಲ್ ಕೊಡಬೇಕು. ಈ ಕೇಬಲ್ 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೆ ಸಾಗುತ್ತದೆ. ಅಂಗಡಿಯಲ್ಲಿ ಶುದ್ಧ ತಾಮ್ರದ ಕೇಬಲ್ ಕೇಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದೂ ಅದೇ ಹೆಸರಿನಲ್ಲಿ ಬರುತ್ತದೆ, ಬೇಗ ಕೈಕೊಡುತ್ತದೆ.

ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆ. ಮನೆಯಿಂದ ಅಂಗಳ ದಾಟಿ ಔಟ್‌ಹೌಸಿಗೋ ತೋಟದ ಮನೆಗೋ ಲ್ಯಾನ್ ಕೇಬಲ್ ಎಳೆಯಬೇಡಿ. ಹತ್ತಿರದಲ್ಲಿ ಸಿಡಿಲು ಬಿದ್ದರೆ ತಾಮ್ರದ ತಂತಿಯ ಎರಡೂ ತುದಿಯ ಯಂತ್ರಗಳು ಸುಡಬಹುದು. ಅಲ್ಲಿಗೆ ವಿದ್ಯುತ್ ಹರಿಯದ ಫೈಬರ್ ತಂತಿಯೇ ಸರಿ, ಅದರೊಳಗೆ ಆಧಾರಕ್ಕೆಂದು ಉಕ್ಕಿನ ತಂತಿ ಇಲ್ಲದ್ದನ್ನು ಕೇಳಿ ತನ್ನಿ. ಮನೆ ಕಟ್ಟಿಸುತ್ತಿರುವವರಾದರೆ ಪ್ಲಾಸ್ಟರ್ ಆಗುವ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ, ಹಾಲ್‌ನಿಂದ ಪ್ರತಿ ರೂಮಿಗೆ ಮತ್ತು ಮಹಡಿಗೆ ಒಂದೊಂದು ಖಾಲಿ ಪೈಪ್ ಹಾಕಿಸಿಟ್ಟುಕೊಳ್ಳಿ, ಕರೆಂಟ್ ವೈರ್ ಇರುವ ಪೈಪಿನಿಂದ ಬೇರೆಯಾಗಿ. ಆಗ ಅದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ಗೃಹಪ್ರವೇಶ ಆದ ಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆದು ಮತ್ತೆ ಬಣ್ಣ ಹೊಡೆಸಬೇಕಾಗುತ್ತದೆ.